ತಮ್ಮನಿಗೆ ಶಾಕ್ ಟ್ರೀಟ್‌ಮೆಂಟ್ ಕೊಡಿಸಬೇಕಂತೆ, ಒಪ್ಪಬಹುದಾ?

ತಮ್ಮ ಊಟ, ಮಾತು ಎರಡೂ ಬಿಟ್ಟಿದ್ದಾನೆ, ಡಾಕ್ಟರು ಇಸಿಟಿ, ಅಂದ್ರೆ ತಲೆಗೆ ಕರೆಂಟ್ ಕೊಡುವ ಈ ಶಾಕ್ ಟ್ರೀಟ್‌ಮೆಂಟ್, ಅಂದಿದ್ದಾರೆ, ಮನೆಯ ಹಿರಿಯರು ಬೇಡ ಅಂತ ಕೂತಿದ್ದಾರೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಾವು ಗದಗಿನವರು. ಅವ್ವನಿಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ 8 ಸಲ ಕೊಡಿಸಿದ್ದೇವೆ.

ಅಪ್ಪ ತೀರಿಕೊಂಡ ಮೇಲೆ, ದಿನಾ ಬುಟ್ಟಿ ತುಂಬ ರೊಟ್ಟಿ ಬಡಿಯುತ್ತಿದ್ದ ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಎರಡು ತಿಂಗಳ ಗುಳಿಗೆಗೂ ಜಗ್ಗಲಿಲ್ಲ. ಕರೆಂಟ್ ಕೊಡಬೇಕು ಅಂದಾಗ ಸೋದರಮಾವ ಅಲ್ಲೇ ಎದ್ದು ನಿಂತ. "ನಮ್ಮಕ್ಕಗ ಕರೆಂಟ್ ಹಿಡಸ್ತೀರೇನು?"

ಅವನ ತಲೆಯಲ್ಲಿ ಇದ್ದದ್ದು ಸಿನಿಮಾದ ಸೀನು. 1938ರಲ್ಲಿ ರೋಮ್‌ನಲ್ಲಿ ಇದು ಶುರುವಾದಾಗ ಅರಿವಳಿಕೆ ಇರಲಿಲ್ಲ, ಮೂಳೆ ಮುರಿದದ್ದೂ ಉಂಟು. ಈಗ ಮೊದಲು ಅರಿವಳಿಕೆ, ಆಮೇಲೆ ಸ್ನಾಯು ಸಡಿಲ ಮಾಡುವ ಇಂಜೆಕ್ಷನ್, ಹಲ್ಲಿನ ನಡುವೆ ರಬ್ಬರ್ ತುಂಡು. ಅರಿವಳಿಕೆ, ಆ ಇಂಜೆಕ್ಷನ್ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಕರೆಂಟ್ ಹರಿಯುವುದು ಕೆಲವೇ ಸೆಕೆಂಡು, ಅದರಿಂದ ಮಿದುಳಿನಲ್ಲಿ ಒಂದು ನಿಮಿಷದೊಳಗಿನ ಫಿಟ್ಸ್ ಬರುತ್ತದೆ, ನಿಜವಾಗಿ ಕೆಲಸ ಮಾಡೋದು ಆ ಫಿಟ್ಸೇ. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲದಂತೆ 6ರಿಂದ 12 ಸಲ ಕೊಡುತ್ತಾರೆ.

ಹೊಟ್ಟೆ ಮಾತ್ರ ಖಾಲಿ ಇರಲೇಬೇಕು. ಮೂರನೇ ಸಲ ಮಾವ, ಪಾಪ ಅಂತ ಸುಮ್ನೆ ಅರ್ಧ ಕಪ್ ಚಹಾ ಕುಡಿಸಿಬಿಟ್ಟಿದ್ದ. ಅವತ್ತಿನದು ಕ್ಯಾನ್ಸಲ್! ಮಂಪರಿನಲ್ಲಿ ವಾಂತಿಯಾಗಿ ಪುಪ್ಪುಸಕ್ಕೆ ಇಳಿದರೆ ಜೀವಕ್ಕೇ ಕುತ್ತು, ಅದಕ್ಕೆ.

ನಾಲ್ಕನೆಯದಾದ ದಿನ ಸಂಜೆ ಮಂಚದ ಮೇಲೆ ಎದ್ದು ಕೂತವಳೇ "ಮನ್ಯಾಗ ಹಿಟ್ಟು ಐತೇನು?" ಅಂದಳು. ಮಾವ ಹೊರಗೆ ಹೋಗಿ ಅತ್ತ.

ನೆನಪಿನ ವಿಷಯ ಕೇಳಿದ್ದೀರಿ. ಹೋಗುತ್ತದೆ, ಮುಚ್ಚಿಡೋದಿಲ್ಲ, ನಮಗಂತೂ ಇದನ್ನು ಯಾರೂ ಮೊದಲೇ ಬಿಡಿಸಿ ಹೇಳಲಿಲ್ಲ ಅನ್ನೋ ಸಿಟ್ಟು ಇನ್ನೂ ಇದೆ. ಆ ತಿಂಗಳುಗಳಲ್ಲೇ ನಡೆದ ತಂಗಿಯ ಕುಬಸದ ಫೋಟೋ ತೋರಿಸಿದರೆ, ಇಳಕಲ್ ಸೀರೆ ಉಟ್ಟು ನಿಂತ ತನ್ನನ್ನೇ ನೋಡಿ "ನಾ ಯಾವಾಗ ಹೋಗಿದ್ದೆ?" ಅನ್ನುತ್ತಾಳೆ. ಅದು ತಿರುಗಿ ಬರಲೇ ಇಲ್ಲ. ಆದರೆ ಪಕ್ಕದ ಮನೆಯವರು ಐದು ವರ್ಷದ ಹಿಂದೆ ಒಯ್ದ ಜರಡಿ ಚೆನ್ನಾಗಿ ನೆನಪಿದೆ. ಹಾಗಾಗಿ ಬ್ಯಾಂಕಿನ ಲೆಕ್ಕ, ಫೋನಿನ ಪಾಸ್‌ವರ್ಡ್ ಗೊತ್ತಿದ್ದರೆ ಈಗಲೇ ಬರೆದಿಡಿ. ಗುಳಿಗೆ ಆಮೇಲೂ ನಡೆಯಬೇಕು, ಬಿಟ್ಟರೆ ಕಾಯಿಲೆ ಮರಳೋದು ಜಾಸ್ತಿ.

ತಮ್ಮನಿಗೆ 18 ತುಂಬಿದೆ ಅಲ್ವಾ? ಇಲ್ಲದಿದ್ದರೆ ಪೋಷಕರ ಒಪ್ಪಿಗೆ ಜೊತೆಗೆ ಮಾನಸಿಕ ಆರೋಗ್ಯ ಮಂಡಳಿಯ ಅನುಮತಿಯೂ ಮೊದಲೇ ಬೇಕು. ಇದನ್ನು ನಾಳೆಯೇ ಡಾಕ್ಟರ ಹತ್ತಿರ ಕೇಳಿ.