ಇನ್ನೊಬ್ಬರ ಹಾಡಿನ ಮೇಲೊಂದು ಮಾತು

ಪತ್ರ: ಜಮೈಕಾದ ಸಂಗೀತಗಾರ ಬಿಗ್ ಯೂತ್‌ನ ‘ಸ್ಕ್ರೀಮಿಂಗ್ ಟಾರ್ಗೆಟ್’ ಆಲ್ಬಮ್ ವಿನೈಲ್ ತಟ್ಟೆಯಾಗಿ ಮತ್ತೆ ಅಚ್ಚಾದದ್ದನ್ನು ಹೋದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಮಗನ ಫೋನಿನಲ್ಲಿ ಕೇಳಿದೆ. ಯಾರೋ ಹಾಡುತ್ತಾರೆ, ಈತ ನಡುವೆ ಬಾಯಿ ಹಾಕುತ್ತಾನೆ. ಇದಕ್ಕೆ ಅಷ್ಟು ದುಡ್ಡು ಸುರಿಯಬೇಕೆ?
— ಓದುಗರೊಬ್ಬರು, ಶಿರಸಿ

ಉತ್ತರ: ದುಡ್ಡಿನ ವಿಚಾರದಲ್ಲಿ ನೀವು ಹೇಳಿದ್ದು ಸರಿ. ಸಾಗಣೆ, ಸುಂಕ ಸೇರಿ ಕೈಗೆ ಬರುವಷ್ಟರಲ್ಲಿ ಒಂದು ತಟ್ಟೆಯ ಬೆಲೆಗೆ ಹತ್ತು ದಿನದ ದಿನಸಿ ಬರುತ್ತದೆ. ಆದರೆ ‘ಬಾಯಿ ಹಾಕುತ್ತಾನೆ’ ಎಂದಿರಲ್ಲ, ಅದು ನನಗೆ ನಾಟಿತು. ಅದೂ ತಾಳಮದ್ದಳೆಯ ಸೀಮೆಯವರು! ಭಾಗವತರು ಪದ ಹೇಳಿ ನಿಲ್ಲಿಸಿದಲ್ಲಿಂದ ಅರ್ಥಧಾರಿ ಮಾತು ಎತ್ತಿಕೊಂಡು ಬೆಳೆಸುವುದನ್ನು ಕೇಳಿದ ಕಿವಿ ನಿಮ್ಮದು. ನಡುವೆ ಬಾಯಿ ಹಾಕಿದರೆಂದು ಎಂದಾದರೂ ಎದ್ದು ಹೋಗಿದ್ದೀರಾ?

ಜಮೈಕಾದಲ್ಲಿ ತಟ್ಟೆ ಬದಲಿಸುವವನು ಸೆಲೆಕ್ಟರ್. ಡೀಜೇ ಎಂದರೆ ಮೈಕ್ ಹಿಡಿದು ಮಾತು ಕಟ್ಟುವವನು. ಕುಣಿತದ ರಾತ್ರಿಗಳಲ್ಲಿ ಆತ ಮೊದಲಿನಿಂದಲೂ ಇದ್ದ. ಆತನ ಮಾತಿಗೆ ಹಾಡಿನೊಳಗೇ ಜಾಗ ತೆರೆದದ್ದು ಮಾತ್ರ ಒಂದು ಮರೆವು. 1960ರ ದಶಕದ ಕೊನೆಗೆ, ಸ್ಪ್ಯಾನಿಷ್ ಟೌನ್‌ನಲ್ಲಿ ಸೌಂಡ್ ಸಿಸ್ಟಮ್ (ಕುಣಿತಕ್ಕೆ ದೊಡ್ಡ ಸ್ಪೀಕರುಗಳಲ್ಲಿ ತಟ್ಟೆ ಹಾಕುವ ಏರ್ಪಾಡು) ನಡೆಸುತ್ತಿದ್ದ ರಡ್ಡಿ ರೆಡ್‌ವುಡ್‌ಗೆ ಪ್ಯಾರಗಾನ್ಸ್ ತಂಡದ ಹಾಡೊಂದನ್ನು ತಟ್ಟೆಗೆ ಕೊರೆದುಕೊಡುವಾಗ ಎಂಜಿನಿಯರ್ ಬೈರನ್ ಸ್ಮಿತ್ ಗಾಯಕರ ದನಿ ಸೇರಿಸಲು ಮರೆತರು. ರೆಡ್‌ವುಡ್ ಅದನ್ನು ಹಾಗೆಯೇ ಹಾಕಿದಾಗ ನೆರೆದ ಜನವೇ ಹಾಡಿಕೊಂಡರಂತೆ. ಹೀಗೆ ದನಿ ತೆಗೆದ ಹಾಡಿಗೆ ‘ವರ್ಷನ್’ ಎಂಬ ಹೆಸರು ಬಿತ್ತು. 1970ರಲ್ಲಿ ಯು-ರಾಯ್ ಎಂಬ ಡೀಜೇ ಅಂಥ ವರ್ಷನ್‌ಗಳ ಜೊತೆಗೆ ಮಾತು ಕಟ್ಟಿ ದ್ವೀಪವನ್ನೇ ಗೆದ್ದ.

ಬಿಗ್ ಯೂತ್ ಬಂದದ್ದು ಅದರ ಬೆನ್ನಿಗೆ. ಕಿಂಗ್‌ಸ್ಟನ್‌ನ ಹೋಟೆಲೊಂದರಲ್ಲಿ ಮೆಕ್ಯಾನಿಕ್ ಆಗಿದ್ದ ಹುಡುಗ. ಮುಂದೆ ಹಲ್ಲಿಗೆ ಕೆಂಪು, ಹೊನ್ನು, ಹಸಿರು ಹರಳು ಕೂರಿಸಿಕೊಂಡವನು. ಹೋಂಡಾ ಬೈಕಿನ ಮೇಲೆ ಮಾಡಿದ ಹಾಡಿಗೆ ನಿರ್ಮಾಪಕ ಕೀತ್ ಹಡ್ಸನ್ ಸ್ಟುಡಿಯೋದೊಳಗೇ ಬೈಕ್ ತರಿಸಿ ಸದ್ದು ಹಿಡಿದರು. ‘ಸ್ಕ್ರೀಮಿಂಗ್ ಟಾರ್ಗೆಟ್’ ಮಾಡಿಸಿದ ಗಸ್ಸಿ ಕ್ಲಾರ್ಕ್‌ಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು.

ಅದರ ಮೊದಲ ಹಾಡನ್ನೇ ತೆಗೆದುಕೊಳ್ಳಿ. ಬಿಗ್ ಯೂತ್ ಕೂಗುತ್ತಾನೆ, ಆ ಕೂಗಿನ ಸಂದಿಯಲ್ಲಿ ‘ನೋ ನೋ ನೋ’ ಎಂಬ ದನಿ ಇಣುಕುತ್ತದೆ. ಅದು ಕೆ.ಸಿ. ವೈಟ್. ವೈಟ್‌ಗಿಂತ ಮೊದಲು, 1967ರಲ್ಲಿ, ಅದನ್ನು ಹಾಡಿದವಳು ಡಾನ್ ಪೆನ್. ಅವಳಿಗೆ ಅದು ಬಂದದ್ದು ಅಮೆರಿಕದ ವಿಲ್ಲಿ ಕಾಬ್ಸ್‌ನ 1960ರ ಬ್ಲೂಸ್‌ನಿಂದ. ಕಾಬ್ಸ್‌ಗೆ ಬೋ ಡಿಡ್ಲಿಯ 1955ರ ಹಾಡಿನಿಂದ. ಐದು ಬಾಯಿ ದಾಟಿ ಬಂದ ಹಾಡು ಸ್ವಾಮಿ ಅದು! ನೀವು ‘ಯಾರೋ ಹಾಡುತ್ತಾರೆ’ ಎಂದುಬಿಟ್ಟಿರಿ.

ತಪ್ಪು ಪೂರಾ ನಿಮ್ಮದೂ ಅಲ್ಲ. ಫೋನಿನ ಪರದೆಯ ಮೇಲೆ ಒಂದೇ ಹೆಸರು ಕಂಡರೆ ಉಳಿದವರು ‘ಯಾರೋ’ ಆಗಿಬಿಡುತ್ತಾರೆ. ನನಗೆ ದೊಡ್ಡ ಕವರ್ ಬೇಕು, ಅದರ ಬೆನ್ನಿನ ಮೇಲೆ ಗಾಯಕ, ಬೇಸ್ ನುಡಿಸಿದವ, ಡ್ರಮ್ಸ್ ಬಾರಿಸಿದವ, ಎಂಜಿನಿಯರ್ ಎಲ್ಲರ ಹೆಸರೂ ಓದುವ ಹಾಗೆ ಇರಬೇಕು. ಮರುಮುದ್ರಣ ಮಾಡುವವರ ಮೊದಲ ಕೆಲಸವೇ ಅದು. ಕೆಲವು ವರ್ಷಗಳ ಹಿಂದೆ ಒಂದು ಡೀಜೇ ತಟ್ಟೆ ತರಿಸಿದ್ದೆ. ಕವರ್ ಹಳೆಯದರ ಮಸುಕು ನೆರಳಚ್ಚು. ವಾದ್ಯಗಾರರ ಒಂದು ಹೆಸರೂ ಇಲ್ಲ. ಅಂಥದ್ದಕ್ಕೆ ಕೊಟ್ಟ ದುಡ್ಡು ದಂಡವೇ. ನಮ್ಮಲ್ಲೂ ಅಷ್ಟೇ. ಎಷ್ಟು ಸಿನಿಮಾ ಕ್ಯಾಸೆಟ್ಟುಗಳ ಮೇಲೆ ಕೊಳಲು ನುಡಿಸಿದವರ ಹೆಸರು ನೋಡಿದ್ದೀರಿ? ಆ ಕೊಳಲಿಲ್ಲದೆ ಹಾಡು ನೆನಪಾಗುವುದೇ ಇಲ್ಲ, ಆದರೂ ಊದಿದವರು ಯಾರೆಂದು ಅಚ್ಚು ಹಾಕಲು ಅರ್ಧ ಸಾಲು ಜಾಗ ಸಿಗಲಿಲ್ಲ.

ಬೆಂಗಳೂರಿಗೆ ಬಂದಾಗ ಕಚೇರಿಗೆ ಬನ್ನಿ. ಮಗನನ್ನೂ ಕರೆತನ್ನಿ. ಮೊದಲು ಡಾನ್ ಪೆನ್, ಆಮೇಲೆ ಕೆ.ಸಿ. ವೈಟ್, ಆಮೇಲೆ ಬಿಗ್ ಯೂತ್ ಹಾಕುತ್ತೇನೆ. ಮಧ್ಯಾಹ್ನ ಮೂರರ ಮೇಲಾದರೆ ಪುಟ ಕಟ್ಟುವ ಗಲಾಟೆ ಇರುವುದಿಲ್ಲ.