ಗೋಕರ್ಣದ ಹತ್ತಿರದ ರೆಸಾರ್ಟ್ ಸ್ಪಾದಲ್ಲಿ ಬಿಸಿ-ತಣ್ಣೀರಿನ ಸ್ನಾನದ ವ್ಯವಸ್ಥೆ ಹೇಗಿರಬೇಕು?

ಸೌನಾ, ಸ್ಟೀಮ್ ಎರಡರಲ್ಲಿ ಯಾವುದು ಮೇಲು ಎಂದೂ ಕೇಳಿದ್ದೀರಿ. ಆದರೆ ನಮ್ಮ ಕರಾವಳಿಯಲ್ಲಿ ಮೊದಲು ಯೋಚಿಸಬೇಕಾದ್ದು ತಣ್ಣೀರಿನ ಬಗ್ಗೆ. ಇಲ್ಲಿ ಸಮುದ್ರದ ನೀರೇ ವರ್ಷದ ಬಹುಪಾಲು 27–30 ಡಿಗ್ರಿ ಇರುತ್ತದೆ, ಬಾವಿ ನೀರೂ ಅಷ್ಟೇನೂ ತಣ್ಣಗಿರುವುದಿಲ್ಲ. ಚಿಲ್ಲರ್, ಅಂದರೆ ನೀರು ತಣಿಸುವ ಯಂತ್ರ, ಇಲ್ಲದೆ ತಣ್ಣೀರಿನ ಕೊಳ ಆಗದು. ಯುರೋಪಿನಲ್ಲಿ 10 ಡಿಗ್ರಿಗೂ ಇಳಿಸುವುದುಂಟು. ಹಂಡೆಯ ಬಿಸಿನೀರಿಗೆ ಒಗ್ಗಿದ ನಮ್ಮವರಿಗೆ 15–18 ಸಾಕು. ಥಟ್ಟನೆ ಮುಳುಗಿದರೆ ಉಸಿರು ಸಿಕ್ಕಿಕೊಂಡಂತಾಗಿ ಎದೆಬಡಿತ ಏರುತ್ತದೆ. ಹಾಗಾಗಿ ಅಗಲವಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ, ಪಕ್ಕದಲ್ಲಿ ಒಬ್ಬ ಸಿಬ್ಬಂದಿ ಬೇಕೇ ಬೇಕು. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಿಸಿಗೂ ಹೋಗಬಾರದು, ತಣ್ಣೀರಿಗೂ ಇಳಿಯಬಾರದು.

ಸೌನಾ ಎಂದರೆ 80–90 ಡಿಗ್ರಿಯ ಒಣಶಾಖ. ಸ್ಟೀಮ್ ಎಂದರೆ ಹಬೆ ತುಂಬಿದ ಕೋಣೆ: 43–45 ಡಿಗ್ರಿ, ತೇವಾಂಶ ಸುಮಾರು 100%. ಮಳೆಗಾಲದಲ್ಲಿ ಹೊರಗೇ ಬೆವರು ಆರದ ಊರಲ್ಲಿ ನಾನಾದರೆ ಸೌನಾ ಆರಿಸುತ್ತೇನೆ. ಸ್ಟೀಮ್ ಮಾಡುವುದೇ ಆದರೆ ಚಾವಣಿಗೆ ಇಳಿಜಾರು ಕೊಡಿ, ಇಲ್ಲವಾದರೆ ಹನಿ ತಲೆಯ ಮೇಲೇ ಬೀಳುತ್ತದೆ. ಚಿರೇಕಲ್ಲು ಹೊರಗೋಡೆಗೆ ಚೆಂದ. ನೀರು ಹೀರುವುದರಿಂದ ಒಳಗೆ ಬೇಡ. ಉಪ್ಪುಗಾಳಿ ತಾಕುವಲ್ಲೆಲ್ಲ ಸ್ಟೀಲ್ ಉಪ್ಪಿಗೆ ಸುಲಭವಾಗಿ ತುಕ್ಕು ಹಿಡಿಯದ 316 ದರ್ಜೆಯದೇ ಇರಲಿ.

ಹೆಚ್ಚಿನವರು ಮರೆಯುವುದು ವಿಶ್ರಾಂತಿಯ ಜಾಗವನ್ನು. 10 ನಿಮಿಷ ಬಿಸಿ, ಒಂದೆರಡು ನಿಮಿಷ ತಂಪು, ಆಮೇಲೆ ಕಾಲು ಗಂಟೆಯಾದರೂ ಕೂರಲು ಗಾಳಿಯಾಡುವ ಜಗಲಿ ಬೇಕು, ಕೈಗೊಂದು ಲೋಟ ಮುರುಗಲ ಪಾನಕ. ಜಾಗ ಸಾಲದಿದ್ದರೆ ಸ್ಟೀಮ್ ಕೋಣೆಯನ್ನೇ ಕೈಬಿಟ್ಟು ಅದನ್ನು ಜಗಲಿಗೆ ಕೊಡಿ.