ಉಳಿದುಕೊಂಡವರ ಚಿತ್ರ

ಪ್ರಿಯ ಲೇಖಕರೇ,

ದೇಶ ವಿಭಜನೆಯ ನಂತರ ಆಗ್ರಾದಲ್ಲಿ ಉಳಿದ ಮುಸ್ಲಿಂ ಕುಟುಂಬವೊಂದರ ಕಥೆಯಾದ ‘ಗರಂ ಹವಾ’ ಹಿಂದಿ ಚಿತ್ರದ ಪುನರುಜ್ಜೀವನಗೊಳಿಸಿದ ಪ್ರತಿಯನ್ನು ಚಿತ್ರೋತ್ಸವದಲ್ಲಿ ನೋಡಿ ನೀವು ಬರೆದು ಕಳಿಸಿದ ಲೇಖನವನ್ನು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ತಿದ್ದಿ ಬರೆದರೆ ಪ್ರಕಟಿಸಬೇಕೆಂಬ ಆಸೆ ಇರುವುದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಲೇಖನದ ಆರಂಭವೆಲ್ಲ ಸರತಿ ಸಾಲು, ಸಭಾಂಗಣ, ಚಪ್ಪಾಳೆಗಳಿಗೆ ಹೋಗಿದೆ, ಅದನ್ನು ತೆಗೆದುಬಿಡಿ. ಅನಂತರ ನೀವು ಇದನ್ನು ‘ದೇಶ ಬಿಟ್ಟು ಹೋದವರ ಕಣ್ಣೀರಿನ ಕಥೆ’ ಎನ್ನುತ್ತೀರಿ. ನನ್ನ ಮುಖ್ಯ ತಕರಾರು ಇಲ್ಲಿದೆ. ನಿರ್ದೇಶಕ ಎಂ.ಎಸ್. ಸತ್ಯು ಅವರ ಕ್ಯಾಮೆರಾ ಗಡಿಯನ್ನು ದಾಟುವುದೇ ಇಲ್ಲ. ಅದು ಆಗ್ರಾದ ರೈಲು ನಿಲ್ದಾಣದವರೆಗೆ ಹೋಗಿ, ಬಂಧುಗಳನ್ನು ಒಬ್ಬೊಬ್ಬರಾಗಿ ಬೀಳ್ಕೊಟ್ಟು, ಶೂ ತಯಾರಿಸುವ ಸಲೀಂ ಮಿರ್ಜಾನೊಂದಿಗೆ ಮನೆಗೆ ಮರಳುತ್ತದೆ. ಎಲ್ಲಿಗೂ ಹೋಗದ ಮನುಷ್ಯ ತನ್ನ ಊರಿನಲ್ಲಿಯೇ ಹೇಗೆ ಪರಕೀಯನಾಗುತ್ತಾನೆ ಎಂಬುದು ಚಿತ್ರದ ವಿಷಯ, ಮತ್ತು ಅದು ಬಹುಮಟ್ಟಿಗೆ ಕಾಗದಪತ್ರಗಳ ಮೂಲಕ ನಡೆಯುತ್ತದೆ. ಹೋಗುವುದಿಲ್ಲವೆಂದು ಸಾರ್ವಜನಿಕವಾಗಿ ಸಾರಿದ್ದ ಅಣ್ಣ ಹಲೀಂ ಸದ್ದಿಲ್ಲದೆ ಪಾಕಿಸ್ತಾನಕ್ಕೆ ಹೊರಟುಹೋಗುತ್ತಾನೆ. ಕುಟುಂಬದ ದೊಡ್ಡ ಮನೆಯಾದ ಹವೇಲಿ ಅವನ ಹೆಸರಿನಲ್ಲಿದ್ದುದರಿಂದ ಅದು ವಲಸೆ ಹೋದವರ ಆಸ್ತಿಯೆಂದು ಸರ್ಕಾರದ ವಶವಾಗುತ್ತದೆ. ಇವನೂ ನಾಳೆ ಓಡಿಹೋಗಬಹುದೆಂಬ ಅನುಮಾನದಿಂದ ಸಲೀಂನಿಗೆ ಸಾಲ ಹುಟ್ಟುವುದಿಲ್ಲ. ಕೊನೆಗೆ ಮನೆಯ ನಕ್ಷೆಯನ್ನು ಅಣ್ಣನಿಗೆ ಕಳಿಸಿದ್ದೇ ಗೂಢಚರ್ಯೆಯ ಆರೋಪವಾಗುತ್ತದೆ. ನಿಮ್ಮ ಲೇಖನದಲ್ಲಿ ಇದರಲ್ಲಿ ಒಂದೂ ಇಲ್ಲ, ‘ನೋವು’ ಮಾತ್ರ ಪುಟಪುಟದಲ್ಲೂ ಇದೆ.

ಆ ಹವೇಲಿಯನ್ನು ಪಡೆಯುವ ಸಿಂಧಿ ವ್ಯಾಪಾರಿ ಅಜ್ಮಾನಿಯನ್ನು ನೀವು ‘ಮನೆ ಕಸಿದವನು’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಅವನೂ ತನ್ನ ನೆಲ ಬಿಟ್ಟು ಬಂದ ನಿರಾಶ್ರಿತ. ಆ ಪಾತ್ರವನ್ನು ಮಾಡಿದ ಎ.ಕೆ. ಹಂಗಲ್ ಕರಾಚಿಯಲ್ಲಿ ಸೆರೆವಾಸ ಅನುಭವಿಸಿ 1949ರಲ್ಲಿ ಮುಂಬಯಿಗೆ ಬಂದವರು. ಊರು ಬಿಡಲೊಲ್ಲದ ಸಲೀಂನ ಪಾತ್ರವನ್ನು ಮಾಡಿದ ಬಲರಾಜ್ ಸಾಹ್ನಿಯವರ ಕುಟುಂಬ ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯದು. ಇವರಿಬ್ಬರು ಎದುರುಬದುರಾಗುವ ದೃಶ್ಯಗಳನ್ನು ಇದನ್ನು ನೆನಪಿನಲ್ಲಿಟ್ಟುಕೊಂಡು ಮತ್ತೊಮ್ಮೆ ನೋಡಿ. ಮನೆ ಬಿಡಲೊಪ್ಪದೆ ಸೌದೆಯ ಕೋಣೆಯಲ್ಲಿ ಅಡಗಿ ಕೂರುವ ಅಜ್ಜಿಗೂ, ಅಂದರೆ ಸಲೀಂನ ತಾಯಿಗೂ, ಒಂದು ಸಾಲು ಸಾಲದು.

ಪುನರುಜ್ಜೀವನದ ಬಗ್ಗೆ ‘ಬಣ್ಣಗಳು ಹೊಸದರಂತೆ ಹೊಳೆಯುತ್ತವೆ’ ಎಂದಷ್ಟೇ ಬರೆದಿದ್ದೀರಿ. ಈ ಚಿತ್ರಕ್ಕೆ ಹೊಳಪು ಎಂದೂ ಇರಲಿಲ್ಲ. ಚಿತ್ರಗಳಿಗೆ ಹಣ ಒದಗಿಸುತ್ತಿದ್ದ ಸರ್ಕಾರಿ ಸಂಸ್ಥೆ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಎರಡೂವರೆ ಲಕ್ಷ ರೂಪಾಯಿಯಲ್ಲಿ ಸ್ಥಳದಲ್ಲೇ ಧ್ವನಿ ಮುದ್ರಿಸಿಕೊಳ್ಳುವ ಸಲಕರಣೆಗೆ ಅವಕಾಶವಿರಲಿಲ್ಲವಾದ್ದರಿಂದ, ಮೂಕಚಿತ್ರದಂತೆ ಚಿತ್ರೀಕರಿಸಿ ಮಾತನ್ನೂ ಸದ್ದನ್ನೂ ಆಮೇಲೆ ಸೇರಿಸಿದರು. ಡಬ್ಬಿಂಗ್ ಮುಗಿಸಿದ ಬೆನ್ನಿಗೇ, 1973ರ ಏಪ್ರಿಲ್‌ನಲ್ಲಿ, ಸಾಹ್ನಿ ತೀರಿಕೊಂಡರು. ಹೀಗಾಗಿ ಈ ಪ್ರತಿಯಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸವಿದೆ.

‘ಕರ್ನಾಟಕಕ್ಕೆ ಅಪರಿಚಿತವಾದ ಚಿತ್ರ’ ಎಂಬ ಮಾತು ತಪ್ಪು. ಸತ್ಯು ಮೈಸೂರಿನವರು, ತಿಂಗಳುಗಟ್ಟಲೆ ಸೆನ್ಸಾರ್ ತಡೆ ಕಳೆದು ಚಿತ್ರ 1974ರಲ್ಲಿ ಮೊದಲು ಬಿಡುಗಡೆಯಾದದ್ದು ಬೆಂಗಳೂರಿನ ಎರಡು ಚಿತ್ರಮಂದಿರಗಳಲ್ಲಿ, ದೇಶದ ಉಳಿದೆಡೆ ಬಿಡುಗಡೆಗೆ ದಾರಿಯಾದದ್ದೂ ಅಲ್ಲಿನ ಪ್ರೇಕ್ಷಕರ ಸ್ಪಂದನೆಯೇ.

ಕೊನೆಯ ದೃಶ್ಯವನ್ನು ನೀವು ವಿಜಯವೆಂದು ಓದಿದ್ದೀರಿ. ಮಗ ಸಿಕಂದರ್, ಅವನ ಹಿಂದೆ ಸಲೀಂ, ಕೆಲಸ ಕೇಳುವ ಮೆರವಣಿಗೆಯನ್ನು ಸೇರುತ್ತಾರೆ, ನಿಜ. ಆದರೆ ಕೊನೆಗೂ ಪಾಕಿಸ್ತಾನಕ್ಕೆಂದು ಅವರೆಲ್ಲ ನಿಲ್ದಾಣಕ್ಕೆ ಹೊರಟಿದ್ದ ಅದೇ ಟಾಂಗಾದಲ್ಲಿ ಹೆಂಡತಿ ಜಮೀಲಾ ಒಬ್ಬಳೇ ಮನೆಗೆ ಮರಳುತ್ತಾಳೆ. ಅವಳನ್ನು ಯಾರೂ ಕೇಳಲಿಲ್ಲ, ನೀವೂ ಕೇಳಿಲ್ಲ. ಹೊಸ ಲೇಖನವನ್ನು ಅಲ್ಲಿಂದ ಆರಂಭಿಸುವುದಾದರೆ ಒಂಬೈನೂರು ಪದಗಳ ಜಾಗವನ್ನು ನಿಮಗಾಗಿ ಕಾಯ್ದಿರಿಸುತ್ತೇನೆ. ತಿಂಗಳ ಕೊನೆಯೊಳಗೆ ಕಳಿಸಿಕೊಡಿ.

ಸಂಪಾದಕ